ನಡುವೆ ಒಂದು ಟವೆಲ್

ಶಿರೂರಿನ ಕಬಡ್ಡಿ ತಂಡದಲ್ಲಿ ಎಡ ಮೂಲೆಗೆ ಗೌತಮ, ಅವನ ಪಕ್ಕಕ್ಕೆ ನಾಯಕ ರಾಚಪ್ಪ, ಇಬ್ಬರ ನಡುವೆ ಒಂದು ಟವೆಲ್. ಹಿಡಿಯುವವರು ಕೈಗೆ ಕೈ ಕೊಟ್ಟು ಸರಪಳಿ ಕಟ್ಟಬೇಕು. ಇವರು ಮಾತ್ರ ಟವೆಲ್ಲಿನ ಒಂದೊಂದು ತುದಿ ಹಿಡಿಯುತ್ತಿದ್ದರು. ಬಸವ ಜಯಂತಿಯಲ್ಲಿ ಸಮಾನತೆ ಕುರಿತು ನೀರು ಕುಡಿಯದೆ ಅರ್ಧ ತಾಸು ಭಾಷಣ ಬಿಗಿಯುವ ರಾಚಪ್ಪ, ಮೈದಾನಕ್ಕಿಳಿದರೆ ಗಂಟಲು ಸರಿಮಾಡಿಕೊಂಡು ಹೇಳುವುದು ಒಂದೇ ಮಾತು: "ತಪ್ಪು ತಿಳ್ಕೋಬ್ಯಾಡಪಾ. ನಮ್ಮವ್ವ ನೋಡ್ತಾಳ."

ದಲಿತ ಕೇರಿಯಿಂದ ಊರ ತಂಡ ಸೇರಿದವರಲ್ಲಿ ಗೌತಮನೇ ಮೊದಲಿಗ. ಸೇರಿಸಿದವರು ಶಾಲೆಯ ಆಟದ ಮೇಡಂ ಶೈಲಾ. ಫುಟ್‌ಬಾಲ್ ಎಂದು ಹೆಸರಿಟ್ಟು ಚೆಂಡನ್ನು ಕಂಕುಳಲ್ಲಿ ಹೊತ್ತು ಓಡುವ ಅಮೆರಿಕದ ಆಟದ ಕಥೆಯನ್ನು ಅವರು ಹಿರಿಯರೆದುರು ಒಗ್ಗರಣೆ ಹಾಕಿ ಬಡಿಸಿದ್ದರು. ಅಲ್ಲಿಯ ದೊಡ್ಡ ತಂಡಗಳ ಧಣಿಗಳು ಹನ್ನೆರಡು ವರ್ಷ ಕಪ್ಪು ಜನರನ್ನು ಹೊರಗಿಟ್ಟರಂತೆ. ಕಾಯಿದೆಯಿಲ್ಲ, ಬರಹವಿಲ್ಲ, ಬರೀ ಕಣ್ಸನ್ನೆ. ಲಾಸ್ ಏಂಜಲೀಸ್‌ಗೆ ಬಂದ ತಂಡವೊಂದು ಸಾರ್ವಜನಿಕ ಮೈದಾನ ಕೇಳಿದಾಗ ಕಪ್ಪು ಪತ್ರಕರ್ತರು ಅಡ್ಡ ನಿಂತರು: ನಮ್ಮ ತೆರಿಗೆಯ ಮೈದಾನ, ನಾವಿಲ್ಲದ ತಂಡಕ್ಕೇಕೆ? ೧೯೪೬ರಲ್ಲಿ ಬಾಗಿಲು ತೆರೆಯಿತು. ನಮ್ಮದೂ ಸರ್ಕಾರಿ ಮೈದಾನವೇ ಎಂದು ಶೈಲಾ ಮಾತು ಮುಗಿಸಿದಾಗ ಹಿರಿಯರು ಮೀಸೆ ತೀಡಿ ಒಪ್ಪಿದ್ದರು.

"ತಂಡಕ್ಕ ತಗೊಂಡ ಮ್ಯಾಲೆ ಆ ಕಪ್ಪು ಮಂದಿ ಕೈ ಹಿಡಿದ್ರೇನ್ರಿ ಮೇಡಂ?" ಎಂದು ಗೌತಮ ಆಮೇಲೆ ಕೇಳಿದ.

"ನಾ ಓದಿದ್ದರಾಗ ಅದಿಲ್ಲಪಾ," ಎಂದರು ಶೈಲಾ.

ಪಕ್ಕದೂರು ರಾಮಥಾಳದ ತಂಡದ ಮೇಲೆ ಫೈನಲ್. ಅಂಪೈರ್ ಮುರ್ತುಜಸಾಬ ಶುರುವಿಗೇ ಟವೆಲ್ ಕಸಿದು ಬೇಲಿಗೆ ಹಾಕಿದ. ಆದರೂ ರಾಚಪ್ಪ ಕೈ ಕೊಡಲಿಲ್ಲ, ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿತು. ರಾಮಥಾಳದ ಮಾಳಪ್ಪ ದಾಳಿಗೆ ಬಂದ ಪ್ರತಿ ಸಲವೂ ಆ ಸಂದಿಯಲ್ಲೇ, ಸ್ವಂತ ಮನೆಯ ಹಿತ್ತಿಲ ಬಾಗಿಲೆಂಬಂತೆ, ಪಾರಾಗುತ್ತಿದ್ದ. ಸೋತರೆ ಸಂದಿಯ ಮಾತನ್ನು ಯಾರೂ ಎತ್ತುವುದಿಲ್ಲವೆಂದು ಗೌತಮನಿಗೆ ಗೊತ್ತಿತ್ತು. ಕೇರಿಯವನನ್ನು ಸೇರಿಸಿದ್ದಕ್ಕೆ ಹೀಗಾಯಿತು ಅನ್ನುತ್ತಾರೆ, ಇನ್ನೊಬ್ಬನನ್ನು ಕರೆಯುವುದಿಲ್ಲ.

ಅಂಕ ಸಮಸಮ, ಕೊನೆಯ ದಾಳಿ. ಮಾಳಪ್ಪ ಗೌತಮನ ಭುಜ ಮುಟ್ಟಿ ಅದೇ ಸಂದಿಗೆ ತಿರುಗಿದ. ಹೆಂಗಸರ ಸಾಲಿನಲ್ಲಿ ರಾಚಪ್ಪನ ತಾಯಿ ಶಿವಲಿಂಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ನನ್ನ ಮಾರಿ ಏನ್ ನೋಡ್ತಿ ಭಾಡ್ಯಾ, ಅವನ ಕೈ ಹಿಡಿ!"

ರಾಚಪ್ಪನ ಕೈ ಚಾಚಿತು, ಗೌತಮನ ಕೈಗೆ ಸಿಕ್ಕಿತು. ಮಾಳಪ್ಪ ಆ ಕೈಗಳಿಗೇ ಎದೆಗೊಟ್ಟು ಬಂದು ಬಡಿದ. ಮೂವರೂ ಮಣ್ಣಿಗೆ ಬಿದ್ದರು. ನಡುಗೆರೆ ಇನ್ನೂ ಗೇಣು ದೂರವಿತ್ತು. ಸೀಟಿ ಬಿತ್ತು, ಒಂದು ಅಂಕದಿಂದ ಶಿರೂರು ಗೆದ್ದಿತು.

ಜನ ಮುತ್ತಿಕೊಂಡರೂ ರಾಚಪ್ಪ ಹಿಡಿದ ಕೈ ಬಿಟ್ಟಿರಲಿಲ್ಲ. ಮರೆತನೋ, ಬಿಡಲು ನಾಚಿದನೋ. ಯಾರ ದನಿಯನ್ನಾದರೂ ಕದಿಯಬಲ್ಲ ಗೌತಮ, ಥೇಟ್ ರಾಚಪ್ಪನಂತೆಯೇ ಗಂಟಲು ಸರಿಮಾಡಿಕೊಂಡ.

"ತಪ್ಪು ತಿಳ್ಕೋಬ್ಯಾಡಪಾ, ಕೈ ಬಿಡು. ನಿಮ್ಮವ್ವ ನೋಡ್ತಾಳ."

"ನೋಡ್ಲಿ ಬಿಡಲೇ," ಎಂದ ರಾಚಪ್ಪ. ಬೇಲಿಯ ಮೇಲಿದ್ದ ಟವೆಲ್ ಎಳೆದು ಗೌತಮನ ಮುಖದ ಮಣ್ಣು ಒರೆಸಿದ, ಆಮೇಲೆ ಅದರಲ್ಲೇ ತನ್ನ ಮುಖವನ್ನೂ.