ಕದಲದ ಚುಕ್ಕೆ

ಬಿತ್ತು, ಹಾಳೆಯ ಮೇಲೆ ಸೂರ್ಯ ಬಿತ್ತು, ರೊಟ್ಟಿಯಷ್ಟಗಲ, ಅಂಚು ಸಣ್ಣಗೆ ನಡುಗುತ್ತಿದೆ, ಹಾಳೆ ಹಿಡಿದಿರುವವನು ವೆಂಚುರಿನ್, ಅಪ್ಪನ ಶಿಷ್ಯ, ಫ್ಲಾರೆನ್ಸಿನಿಂದ ಹೊಸ ವಿದ್ಯೆ ಕಲಿತು ಬಂದಿದ್ದಾನೆ, ದುರ್ಬೀನಿಗೆ ಕಣ್ಣಿಡೋದೇ ಬೇಡ ಗುರುಗಳೇ, ಕಿಟಕಿ ಮುಚ್ಚಿ ಹಿಂದುಗಡೆ ಒಂದು ಹಾಳೆ ಹಿಡಿದ್ರೆ ಸಾಕು, ಸೂರ್ಯ ತಾನೇ ಬಂದು ಕೂತ್ಕೋತಾನೆ — ಕೂತಿದ್ದಾನೆ, ಮೂರು ಕಲೆ, ಎಡಕ್ಕೆ ಒಂದು, ಅಂಚಿನಲ್ಲಿ ಜೋಡಿ, ನಟ್ಟನಡುವೆ ಏನೂ ಇಲ್ಲ, ಬರೀ ಬಿಳುಪು. ಅಪ್ಪ ಮೂಗು ತಾಗುವಷ್ಟು ಬಗ್ಗಿದ್ದಾನೆ, ಎರಡೂ ಕಣ್ಣಿಗೆ ಪೊರೆ ಬಂದು ಆರು ವರ್ಷ, ಎಲ್ಲಿದೆಯೋ ನಡುವಿನ ಚುಕ್ಕೆ, ಗಾಜು ಒರೆಸೋ, ಕೊಳೆ ಕೂತಿರ್ಬೇಕು — ಕೊಳೆ ಕೂತರೆ ಚುಕ್ಕೆ ಹೆಚ್ಚಬೇಕೇ ಹೊರತು ಕಡಿಮೆಯಾಗುವುದಿಲ್ಲ, ಇಡೀ ಪಾದುವಾಕ್ಕೆ ಪಾಠ ಹೇಳುವವನಿಗೆ ಇಷ್ಟು ಹೊಳೆಯದೇ, ಹೊಳೆದಿದೆ, ಹೊಳೆದೇ ಒರೆಸು ಎನ್ನುತ್ತಿದ್ದಾನೆ. ನಾಳೆ ವಿಶ್ವವಿದ್ಯಾಲಯದ ಹಿರಿಯರು ಈ ಕೋಣೆಗೆ ಬರುತ್ತಾರೆ, ಅವರೆದುರು ಆ ಚುಕ್ಕೆಯನ್ನು ತೋರಿಸಬೇಕು, ಬೇರೆ ಕಲೆಗಳೆಲ್ಲ ಹದಿಮೂರು ಹದಿನಾಲ್ಕು ದಿನದಲ್ಲಿ ಸೂರ್ಯನ ಮೈಮೇಲೆ ತೆವಳಿ ಮರೆಯಾಗುತ್ತವೆ, ಇದೊಂದು ನಡುವೆ ಕದಲದೆ ನಿಂತಿದೆ, ಇದು ಕಲೆಯಲ್ಲ, ನಮಗೂ ಸೂರ್ಯನಿಗೂ ನಡುವೆ ನಮ್ಮೊಂದಿಗೇ ಹೆಜ್ಜೆ ಹಾಕುವ ಪುಟ್ಟ ಲೋಕ — ವೆನಿಸ್ಸಿನಲ್ಲಿ ಅಚ್ಚಾದ ಅಪ್ಪನ ಪುಸ್ತಕದಲ್ಲಿ ಹಾಗೇ ಇದೆಯಂತೆ, ನನಗೆ ಲ್ಯಾಟಿನ್ ಬಾರದು, ವೆಂಚುರಿನ್ ಓದಿ ಹೇಳಿದ, ನಾನು ಕಣ್ಣಾರೆ ಕಂಡೆ ಅಂತ ಬರ್ದಿದ್ದಾರೆ ನೋಡು ಜುಸ್ತೀನಾ, ಹೇಳಿ ಅವನೇ ತಲೆ ತಗ್ಗಿಸಿದ.

ಕಂಡವಳು ನಾನು. ಮೂರು ವರ್ಷ, ನದಿಯ ಮಂಜು ಏಳುವ ಬೆಳಗುಗಳಲ್ಲಿ, ಸೂರ್ಯ ಮಂಜಿನ ಹಿಂದೆ ಕೆಂಪಗೆ ಸಾಧುವಾಗಿ ಇರುವಷ್ಟು ಹೊತ್ತು, ಬಲಗಣ್ಣು ದುರ್ಬೀನಿಗೆ, ಬಲಗೈ ಹಾಳೆಗೆ, ಎಷ್ಟೊತ್ತು ಅಪ್ಪಾ, ಒಂದು ಮಾತೆ ಮರಿಯಮ್ಮನ ಜಪ ಹೇಳ್ಕೊಳ್ಳೋಷ್ಟು, ಮುಗೀತು ಅಪ್ಪಾ, ಇನ್ನೊಂದು ಹೇಳ್ಕೋ ಮಗಳೇ, ನಿನ್ನ ಕಣ್ಣಿಗೇನು, ಹದ್ದಿನ ಕಣ್ಣು — ಆ ಸೆಪ್ಟೆಂಬರಿನಲ್ಲಿ ಮೂರನೆಯ ಜಪದ ನಡುವೆ ಮಂಜು ಹರಿಯಿತು, ಒಮ್ಮೆಗೇ, ಹಳೇ ಬಟ್ಟೆ ಹರಿದ ಹಾಗೆ, ನೋವಾಗಲಿಲ್ಲ, ಅದೇ ವಿಚಿತ್ರ, ಒಂದು ಚೂರೂ ನೋಯಲಿಲ್ಲ, ಕಣ್ಣು ತೆಗೆಯಬಹುದಿತ್ತು, ಜಪ ಅರ್ಧಕ್ಕೆ ಬಿಟ್ಟರೆ ಅಪ್ಪ ಬೈಯುತ್ತಾನೆಂದು ತೆಗೆಯಲಿಲ್ಲ. ಮರುದಿನ ಸೂರ್ಯನ ನಡುವೆ ಹೊಸ ಚುಕ್ಕೆ, ಬರೆದೆ, ಅದರ ಮರುದಿನವೂ, ವಾರ ಕಳೆದ ಮೇಲೆ ಅಪ್ಪ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ಕುಣಿದೇಬಿಟ್ಟ, ಅಡುಗೆಮನೆಗೆ ಬಂದು ಕೂತ, ಅಮ್ಮ ಸತ್ತ ಮೇಲೆ ಅದೇ ಮೊದಲು, ನನ್ನ ತಟ್ಟೆಯಿಂದಲೇ ಈರುಳ್ಳಿ ಹಾಕಿದ ಹುಳಿ ಮೀನು ಎತ್ತಿ ತಿಂದ, ಎಣ್ಣೆಗೈಯಲ್ಲೇ ನನ್ನ ತಲೆ ಸವರಿದ, ಅಡುಗೆಯ ಮುದುಕಿ ತೋನ್ಯಾ ನಕ್ಕಳು, ನಿಮ್ಮ ಪಂಡಿತರ ಕಥೆ ನಂಗೊತ್ತಿಲ್ವಾ ಯಜಮಾನ್ರೇ, ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ, ನಾಕು ದಿನ ತಡ್ಕೊಳ್ಳಿ — ಅವಳ ಮೂಗಿನ ಮೇಲೂ ಚುಕ್ಕೆ ಇತ್ತು. ಎಡಗಣ್ಣು ಮುಚ್ಚಿ ನೋಡಿದೆ, ಮೂಗೇ ಇಲ್ಲ. ಉಪ್ಪಿನ ಬಟ್ಟಲ ಮೇಲೆ, ಗೋಡೆಯ ಮೇಲೆ, ಶಿಲುಬೆಯಲ್ಲಿರುವ ಸ್ವಾಮಿಯ ಮುಖದ ಮೇಲೆ, ನೋಡಿದಲ್ಲೆಲ್ಲ. ಆಗಲೇ ಗೊತ್ತಾಯಿತು, ಆಗಲೇ ಹೇಳಬೇಕಿತ್ತು, ತಲೆಯ ಮೇಲೆ ಆ ಕೈ ಇತ್ತಲ್ಲ, ಇನ್ನೊಂದು ಗಳಿಗೆ ಇರಲಿ ಎಂದುಕೊಂಡೆ, ಗಳಿಗೆ ಹೋಗಿ ತಿಂಗಳಾಯಿತು, ದಿನವೂ ಗೊತ್ತಿದ್ದೂ ಗೊತ್ತಿದ್ದೂ ನಡುವೆ ಮಸಿ ಇಟ್ಟೆ, ಪುಸ್ತಕ ಅಚ್ಚಾಯಿತು. ತೋನ್ಯಾಗೆ ಮಾತ್ರ ಹೇಳಿದ್ದೆ, ಕಣ್ಣಿಗೆ ಸೋಂಪಿನ ನೀರು ಬಿಟ್ಟಳು, ಬಾಣಂತಿಯ ಎದೆಹಾಲು ಬೇಡಿ ತಂದು ಬಿಟ್ಟಳು, ಹೇಳೇ ಕೂಸೇ, ಹೆತ್ತಪ್ಪ ಕಣೇ, ಪುಸ್ತಕಾನ ಒಲೆಗೆ ಹಾಕಿ ನಿನ್ನ ವೈದ್ಯರ ಹತ್ರ ಕರ್ಕೊಂಡು ಓಡ್ತಾರೆ ನೋಡು. ನಾನೂ ನಂಬಿದ್ದೆ, ಮನಸ್ಸಿನಲ್ಲಿ ಎಷ್ಟು ಸಲ ಆಡಿಸಿ ನೋಡಿದ್ದೇನೋ, ನಾನು ಹೇಳುತ್ತೇನೆ, ಅಪ್ಪನ ಮುಖ ಬಿಳುಚಿಕೊಳ್ಳುತ್ತದೆ, ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತಾನೆ, ನೋಯ್ತಿದೆಯಾ ಮಗಳೇ ಎನ್ನುತ್ತಾನೆ, ಅಷ್ಟು ಸಾಕು, ಆಮೇಲೆ ಬೈದರೂ ಬೈಯಲಿ.

ಜುಸ್ತೀನಾ, ಬಾ ಇಲ್ಲಿ, ನೀನೇ ತೋರ್ಸು, ಇವನ ಕೈ ನೆಟ್ಟಗಿಲ್ಲ, ಎಲ್ಲಿದೆ ನಮ್ಮ ಚುಕ್ಕೆ — ಸಿಕ್ಕಾಗ ನನ್ನದು, ಕಳೆದಾಗ ನಮ್ಮದು, ಪಾಪ, ಹಾಗೆ ಅನ್ನಬಾರದು, ದನಿ ಒಡೆದಿದೆ, ಮುದುಕನಾಗಿಬಿಟ್ಟಿದ್ದಾನೆ. ವೆಂಚುರಿನ್ ಹಾಳೆಯನ್ನು ಬೆರಳಗಲ ಸರಿಸುತ್ತಾನೆ, ಅವನ ಕಲೆಗಳು ಸೂರ್ಯನಲ್ಲೇ ಉಳಿಯುತ್ತವೆ, ನನ್ನದು ನಾಯಿಮರಿಯ ಹಾಗೆ ನನ್ನ ನೋಟದ ಹಿಂದೆಯೇ ಬರುತ್ತದೆ, ಅವನು ನನ್ನನ್ನೇ ನೋಡುತ್ತಿದ್ದಾನೆ, ಅವನಿಗೆ ತಿಳಿದುಹೋಯಿತು, ಅವನು ಬಾಯಿ ಬಿಡುವ ಮೊದಲು ನಾನೇ ಹೇಳಬೇಕು, ನಾಳೆ ಅಷ್ಟು ಜನರ ಮುಂದೆ ಅಪ್ಪ ಗಾಜು ಒರೆಸುತ್ತ ನಿಲ್ಲಬಾರದು, ಅಪ್ಪಾ, ಅದು ಸೂರ್ಯನಲ್ಲಿಲ್ಲ ಅಪ್ಪಾ, ನನ್ನ ಬಲಗಣ್ಣಲ್ಲಿದೆ, ಸುಟ್ಟುಹೋಗಿದೆ. ಹೇಳಿಬಿಟ್ಟೆ. ಅಪ್ಪ ಕೂರುತ್ತಾನೆ, ಏಳುತ್ತಾನೆ, ನನ್ನ ಕಡೆಗೇ ಬರುತ್ತಿದ್ದಾನೆ, ಬಾ ಅಪ್ಪಾ, ನಾನೇ ಗದ್ದ ಎತ್ತಿದ್ದೇನೆ, ನಾನೇ ಬೆಳಕಿಗೆ ತಿರುಗಿದ್ದೇನೆ, ಬರುತ್ತಿದ್ದಾನೆ — ನನ್ನನ್ನು ದಾಟಿ ಹಿಂದಿನ ಕಪಾಟು ತೆಗೆಯುತ್ತಾನೆ, ಹಾಳೆಗಳ ಕಟ್ಟು ಬಿಚ್ಚುತ್ತಾನೆ, ಯಾವ ಹಾಳೆಯಿಂದ, ಕೇಳಿಸ್ತಾ, ಯಾವತ್ತಿನ ಹಾಳೆಯಿಂದ ಕೆಟ್ಟಿದೆ, ಅದಕ್ಕೂ ಮುಂಚಿನವಾದ್ರೂ ಉಳೀತಾವಾ, ಗುರುಗಳೇ, ಅವಳ ಕಣ್ಣು, ಸುಮ್ನಿರಯ್ಯಾ ನೀನು, ಸೆಪ್ಟೆಂಬರ್ ಹತ್ತೊಂಬತ್ತು ಅಪ್ಪಾ, ಅಲ್ಲಿಂದ, ನನ್ನದೇ ದನಿ, ಎಷ್ಟು ವಿಧೇಯ, ಎದೆ ಒಡೆದರೂ ತಾರೀಖು ತಪ್ಪುವುದಿಲ್ಲ, ನಾನು ಎಡಗಣ್ಣು ಮುಚ್ಚಿಕೊಳ್ಳುತ್ತೇನೆ, ಅಪ್ಪನ ಮುಖ ಇದ್ದಲ್ಲಿ ಚುಕ್ಕೆ, ಅದರ ಕೆಳಗೆ ಗಡ್ಡದ ತುದಿ, ಎರಡು ಕೈ, ಹಾಳೆ ವಿಂಗಡಿಸುತ್ತಿವೆ, ಒಳ್ಳೆಯದು ಈ ಕಡೆ, ಕೆಟ್ಟದ್ದು ಆ ಕಡೆ, ಮೇಲೆ ಚುಕ್ಕೆ, ಕೆಟ್ಟದ್ದು ಆ ಕಡೆ, ಕೆಟ್ಟದ್ದು ಆ ಕಡೆ, ಮೇಲೆ ಚುಕ್ಕೆ