ನಿಮಿಷಕ್ಕೆ ಅರವತ್ತು ಸುತ್ತು

ಗಂಗೂಬಾಯಿ ಸ್ಟೂಲು ಹತ್ತಿ ಕಪಾಟಿನ ಮೇಲಿದ್ದ ಕೆಂಪು ರಟ್ಟಿನ ಪುಸ್ತಕವನ್ನು ಎಳೆದೇಬಿಟ್ಟಳು. ಕೆಳಗೆ ಚಾಪೆಯ ಮೇಲೆ ಅವಳ ಅಕ್ಕ ಜಿನಮತಿಯನ್ನು ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಬೆಳಿಗ್ಗೆ ಬಾವಿಯಿಂದ ನೀರು ಸೇದಿ ಬಟ್ಟೆಯಲ್ಲಿ ಸೋಸುತ್ತಿದ್ದವಳು ಕಟ್ಟೆಗೆ ಒರಗಿ ಕೂತಳು, ಮತ್ತೆ ಏಳಲಿಲ್ಲ.

"ಮಹಾವೀರಾ, ಇದರಾಗ ಅಕ್ಕನ ಹೆಸರು ಬರದೀನಿ ಅಂದಿದ್ಯಲ್ಲ? ಎತ್ತೂಕಿಂತ ಮೊದ್ಲ ಓದಿ ಹೇಳು. ಓಣಿ ಮಂದಿ ಎಲ್ಲಾ ಕೇಳ್ಲಿ."

ಜಿನಮತಿಯ ಮಗ ಮಹಾವೀರ ಪುಸ್ತಕದ ಕೆಂಪು ರಟ್ಟನ್ನೇ ನೋಡಿದ. ಅವನು ಚಿಕ್ಕೋಡಿಯ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದ. ಅವನಿಗೆ ಡಾಕ್ಟರೇಟು ತಂದುಕೊಟ್ಟ ಆ ಪುಸ್ತಕದಲ್ಲಿ ಅವ್ವನ ಹೆಸರು ಎಲ್ಲಿಯೂ ಇರಲಿಲ್ಲ.

* * *

ಹತ್ತು ವರ್ಷದ ಹಿಂದೆ, ೧೯೮೬ರ ಬೇಸಿಗೆ. ಕಾಲೇಜಿನ ಪ್ರಯೋಗಾಲಯದ ಮೇಜಿನ ಮೇಲೆ ಒಂದು ಗಾಜಿನ ಪಾತ್ರೆ. ನಡುವೆ ಗೋಡೆ, ಆಚೀಚೆ ನೀರು, ಎರಡರ ಮೇಲೂ ಹಾಸಿದ ಒಂದೇ ಎಣ್ಣೆಯ ಪದರ. ಈಚೆಯ, ಬೂಷ್ಟು ಬೆಳೆಸಿದ ಕೊಳೆನೀರಿನಲ್ಲಿದ್ದ ಪೆನಿಸಿಲಿನ್ ಔಷಧಿ ಆ ಎಣ್ಣೆಯನ್ನು ದಾಟಿ ಆಚೆಯ ತಿಳಿನೀರಿಗೆ ಇಳಿಯಬೇಕು, ಕಸ ಈಚೆಯೇ ಉಳಿಯಬೇಕು. ನಾಲ್ಕು ತಾಸು ಎಡೆಬಿಡದೆ ಹಗುರವಾಗಿ ಕಲಕಬೇಕು. ಕಲಕುವ ಯಂತ್ರಕ್ಕೆ ಬೇಕಾದ ಕರೆಂಟೋ, ಒಮ್ಮೆಗೆ ಎರಡು ತಾಸು ಇದ್ದರೆ ಹೆಚ್ಚು.

ಅಟೆಂಡರ್ ಗುರಪ್ಪ ಹಳೆಯ ಹೊಲಿಗೆ ಯಂತ್ರದ ಕೈಚಕ್ರ ತಂದು ಜೋಡಿಸಿದ. ಮಹಾವೀರ ತಿರುವಿದರೆ ಪದರ ಒಡೆಯಿತು, ಗುರಪ್ಪ ತಿರುವಿದರೂ ಒಡೆಯಿತು. ಬುತ್ತಿ ತಂದಿದ್ದ ಜಿನಮತಿ ನೋಡುವಷ್ಟು ನೋಡಿ ನಕ್ಕಳು.

"ಸರೀರ್ಯೋ. ಇದೂ ನೀರು ಸೋಸೂದ ಅಲ್ಲೇನು? ಅರಿವಿ ಬದ್ಲಿ ಎಣ್ಣಿ, ಅಷ್ಟ."

ಕೂತಳು. ತುಟಿಯಲ್ಲಿ ಜೈನರ ಣಮೋಕಾರ ಮಂತ್ರ, ಕೈಯಲ್ಲಿ ಚಕ್ರ. ಪದರ ಕದಡಲಿಲ್ಲ. ನಡುವೆ ಒಂದೇ ಮಾತು ಕೇಳಿದಳು: "ಸೋಸಿ ಉಳದದ್ದನ್ನ ಎಲ್ಲಿ ಬಿಡ್ತೀಯೋ?" ಎರಡು ಬೇಸಿಗೆ ಹೀಗೆ ನಡೆಯಿತು. ಕೈಯಿಂದ ತಿರುವಿಸಿದೆ ಎಂದರೆ ಪಿಎಚ್.ಡಿ. ಮಾಡಿಸುತ್ತಿದ್ದ ಕೊಲ್ಹಾಪುರದ ಗುರುಗಳು ನಕ್ಕಾರೆಂದು ಅವನು ಆ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದ: ಯಂತ್ರದ ಕಲಕು, ನಿಮಿಷಕ್ಕೆ ಅರವತ್ತು ಸುತ್ತು.

"ನನ್ನ ಹೆಸರ ಹಾಕಿಯೇನೋ?" ಎಂದು ಅವ್ವ ಚೇಷ್ಟೆಗೆ ಕೇಳಿದಾಗ, ಪಕ್ಕದಲ್ಲಿ ಗಂಗೂಬಾಯಿಯೂ ಇದ್ದಳು. "ಹಾಕೀನಿ ಬೇ" ಎಂದುಬಿಟ್ಟಿದ್ದ.

* * *

"ಇಲ್ಲ ಮಾವಶಿ," ಎಂದ ಮಹಾವೀರ ಚಿಕ್ಕಮ್ಮನಿಗೆ. "ಇದರಾಗ ಅವ್ವನ ಹೆಸರಿಲ್ಲ. ನಾ ಸುಳ್ಳ ಹೇಳಿದ್ನಿ."

ಗಂಗೂಬಾಯಿ ಪುಸ್ತಕವನ್ನು ಎದೆಗವಚಿಕೊಂಡು ಅವನನ್ನೇ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಗುರಪ್ಪ ಹೆಗಲ ಟವೆಲಿನಿಂದ ಮೂಗು ಒರೆಸಿಕೊಂಡು ಒಳಗೆ ಬಂದ.

"ಸರ, ಅವ್ವಾರಿಗೆ ಗೊತ್ತಿತ್ರಿ."

"ಏನು?"

"ಪುಸ್ತಕ ಬಂದ ವಾರದಾಗ ಸೆರಗಿನ್ಯಾಗ ಮುಚ್ಕೊಂಡು ಲ್ಯಾಬಿಗೆ ತಂದಿದ್ರು. ನನ್ನ ಹೆಸರ ಎಲ್ಲೈತಿ ಹುಡಕೋ ಗುರಪ್ಪಾ ಅಂದ್ರು. ಹಾಳಿ ಹಾಳಿ ತಿರುವಿದ್ನಿ, ಸಿಗಲಿಲ್ಲ. ಕಡೀಕ ಹೆಡ್ ಸಾಹೇಬರ್ನ ಕೇಳಿದ್ನಿ, ಯಂತ್ರ ಅಂತ ಬರದಾರ ಅಂದ್ರು."

"ಅವ್ವ ಏನಂದ್ಲು?"

"ನಕ್ರು ನೋಡ್ರಿ, ಕಣ್ಣಾಗ ನೀರ ಬರೂಮಟ. ನನ್ನ ಕೈ ಯಂತ್ರದಂಗ ತಿರಗೇತಿ ಅಂದಂಗಾತಲ್ಲೋ ಅಂದ್ರು. ಮ್ಯಾಲ ನನ್ನ ಕಡಿಂದ ಆಣಿ ತಗೊಂಡ್ರು, ಅವಗ ಹೇಳಬ್ಯಾಡ, ಪಾಪ, ಮಾರಿ ಸಣ್ಣ ಮಾಡ್ಕೊತಾನ ಅಂತ."

ಮಹಾವೀರ ಕುಸಿದು ಕೂತು ಅವ್ವನ ಬಲಗೈ ಹಿಡಿದುಕೊಂಡು ಅತ್ತ. ಬೆಳಗಿನಿಂದ ಅತ್ತಿರಲೇ ಇಲ್ಲ.

ಗಂಗೂಬಾಯಿ ಅವನ ತಲೆ ಸವರಿದಳು. "ಏಳಪ್ಪಾ, ಎತ್ತೂ ಹೊತ್ತಾತು."

ಎದ್ದವನು ಹಿತ್ತಲಿಗೆ ನಡೆದ. ಬಾವಿಕಟ್ಟೆಯ ಮೇಲೆ ಅವ್ವ ನೀರು ಸೋಸಿದ ಬಟ್ಟೆ, ಪಕ್ಕದಲ್ಲಿ ಅದನ್ನು ಜಾಲಿಸಿದ ನೀರು ತುಂಬಿದ ಗಿಂಡಿ. ಬಟ್ಟೆಗೆ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಬಂದ ಬಾವಿಗೇ ಮರಳಿಸಬೇಕು, ಮೇಲಿಂದ ಸುರಿದರೆ ಸಾಯುತ್ತವೆ, ಕೆಳಗಿನ ತನಕ ಇಳಿಸಿ ಬಿಡಬೇಕು. ಅದೊಂದು ಕೆಲಸ ಅವಳಿಂದ ಉಳಿದಿತ್ತು.

ಅವನು ಗಿಂಡಿಗೆ ಹಗ್ಗ ಸಿಕ್ಕಿಸಿದ. ಮುಂದಿನ ಬಾಗಿಲಿಂದ ಯಾರೋ ಲಗೂ ಬರ್ರಿ ಎಂದು ಕೂಗಿದರು. ಅವನು ಅವಸರ ಮಾಡಲಿಲ್ಲ. ಣಮೋಕಾರ ಹೇಳುತ್ತ, ಒಂದು ಸಾಲಿಗೆ ಒಂದು ಗೇಣಿನಂತೆ ಹಗ್ಗ ಬಿಟ್ಟ. ಗಿಂಡಿ ನೀರು ಮುಟ್ಟಿ, ಸದ್ದಿಲ್ಲದೆ ಮಗುಚಿಕೊಂಡಿತು.