ಆಟದ ರಸ್ತೆಯಲ್ಲಿ ಬೀಳದ ಆಲಿವ್ ಕಾಯಿ

ಮೊದಲ ಮಳೆ ಬಿದ್ದ ಮರುದಿನ ನಮ್ಮ ಗುಡ್ಡದೂರಿನ ಕಾಫಿ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: “ಈ ಸಲ ಯಾರ ಕಾರು ಗೋಡೆಗೆ ಹೋಯ್ತು?” ಈ ಕೋರ್ಫು ದ್ವೀಪದಲ್ಲಿ ಆಲಿವ್ ಮರಗಳು ರಸ್ತೆಯ ಮೇಲೇ ಬಾಗಿವೆ. ನವೆಂಬರಿನಲ್ಲಿ ಕಾಯಿ ಉದುರುತ್ತದೆ, ಚಕ್ರಕ್ಕೆ ಸಿಕ್ಕಿ ಜಜ್ಜಿಹೋಗಿ ಎಣ್ಣೆ ಬಿಡುತ್ತದೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ರಸ್ತೆಗೂ ಸೋಪು ಚೆಲ್ಲಿದ ಬಚ್ಚಲಿಗೂ ವ್ಯತ್ಯಾಸವಿಲ್ಲ. ಇದು ಊರಿನ ಅಜ್ಜಿಯರಿಗೂ ಗೊತ್ತು. ಯಾಸೊನಾಸನಿಗೂ ಗೊತ್ತಿತ್ತು. ಗೊತ್ತಿದ್ದೂ ಉದಾಸೀನ ಮಾಡಿದ.

ಯಾಸೊನಾಸ್ ಫ್ರಿಜ್, ರೇಡಿಯೊ ರಿಪೇರಿ ಮಾಡುವವನು. ಕೆಲಸ ಮುಗಿದರೆ ಅವನಿಗಿದ್ದ ಹುಚ್ಚು ಒಂದೇ, ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವುದು. ಷೆಡ್ಡಿನಲ್ಲಿ ಹಳೇ ಕಾರಿನ ಸೀಟು, ಸ್ಟೇರಿಂಗು, ಮೂರು ಪೆಡಲು ಜೋಡಿಸಿಕೊಂಡಿದ್ದ. ಅಕ್ಕ ಉರಾನಿಯಾಳಿಗೆ ಗೊತ್ತಾದ ಗಂಡು, ಅಥೆನ್ಸಿನ ಸ್ತಮಾತಿಸ್, ಅವನದೂ ಅದೇ ಹುಚ್ಚು. ಮದುವೆಗೆ ಮೊದಲೇ ಭಾವ ಭಾವಮೈದುನರಿಗೆ ಫೋನಿನಲ್ಲಿ ದಿನವೂ ಜಗಳ: ಯಾವ ಆಟ ನಿಜಕ್ಕೆ ಹತ್ತಿರ?

“ನಿನ್ನ ಹಳೇ ಆಟ ಮಕ್ಕಳಾಟ ಕಣೋ,” ಎನ್ನುತ್ತಿದ್ದ ಸ್ತಮಾತಿಸ್. “ಗೋಡೆಗೆ ಗುದ್ದಿದ್ರೂ ಬಣ್ಣ ಹೋಗಲ್ಲ. ಹೊಸದರಲ್ಲಿ ನೋಡು, ಟೈರು ಜಾರೋಕೆ ಮುಂಚೆ ಸ್ಟೇರಿಂಗು ಹಗುರ ಆಗತ್ತೆ. ಕೈಗೇ ತಿಳಿಯತ್ತೆ.”

“ಒಪ್ಪಿದೆ ಭಾವ. ಆದ್ರೆ ಹೊಸದರಲ್ಲಿ ಬ್ರೇಕ್ ಮುಟ್ಟಿದ್ರೆ ಸಾಕು, ಎಮ್ಮೆ ನೀರಿಗಿಳಿದ ಹಾಗೆ ಮುಂದಕ್ಕೆ ಮುಗ್ಗರಿಸತ್ತಲ್ಲ!”

“ಅದೇ ಕಣೋ ನಿಜವಾದ ಕಾರು!”

ಕೊನೆಗೆ ಯಾಸೊನಾಸನೇ ಸೋತ. ಸೋತವನು ಸುಮ್ಮನಿರಲಿಲ್ಲ. ಹೊಸ ಆಟದೊಳಗೆ ನಮ್ಮೂರಿನ ರಸ್ತೆಯನ್ನೇ ಕಟ್ಟಿದ. ಎರಡು ಚಳಿಗಾಲ ಹಿಡಿಯಿತು. ಇಪ್ಪತ್ತೊಂದು ತಿರುವು, ಕಲ್ಲುಗೋಡೆ, ಎಣ್ಣೆಯ ಗಾಣದ ಮುರಿದ ಗೇಟು, ಹದಿನಾಲ್ಕನೇ ತಿರುವಿನಲ್ಲಿ ದೀಪವಿಡುವ ಪುಟ್ಟ ದೇವರಗೂಡು, ಒಂದನ್ನೂ ಬಿಡಲಿಲ್ಲ. ಆ ಗೂಡು ಯಾಕಿದೆ ಎಂದು ಊರಿಗೆಲ್ಲ ಗೊತ್ತು. ಹಿಂದೆ ಅಲ್ಲಿ ಯಾರದೋ ಜೀವ ಹೋಗಿತ್ತು. ಯಾಸೊನಾಸ್ ಅದರ ಬಣ್ಣವನ್ನೂ ಸರಿಯಾಗಿ ಹಚ್ಚಿದ. ಸ್ತಮಾತಿಸ್ ಅಥೆನ್ಸಿನಲ್ಲಿ ಕೂತೇ ಆ ರಸ್ತೆಯಲ್ಲಿ ನಾನೂರು ಸಲ ಇಳಿದ.

ವಸಂತದಲ್ಲಿ ಮದುವೆಯಾಯಿತು, ಸ್ತಮಾತಿಸ್ ನಮ್ಮೂರಿಗೇ ಬಂದು ನೆಲೆಸಿದ. ಬೇಸಿಗೆಯ ಒಂದು ದಿನ ಇಬ್ಬರೂ ಸೇರಿ, ಊರೆಲ್ಲ ಬಾರ್ಬಾ, ಅಂದರೆ ದೊಡ್ಡಪ್ಪ, ಎಂದು ಕರೆಯುವ ಫೋಟಿಸ್‌ನನ್ನು ಷೆಡ್ಡಿಗೆ ಎಳೆದು ತಂದರು. ಮೂವತ್ತೊಂದು ವರ್ಷದಿಂದ ಇದೇ ಗುಡ್ಡಕ್ಕೆ ಬಸ್ಸು ಓಡಿಸುತ್ತಿರುವ ಮನುಷ್ಯ. ಸೀಟಿನಲ್ಲಿ ಕೂತು, ಟೊಪ್ಪಿ ಸರಿಮಾಡಿಕೊಂಡು, ಆಟದ ಕಾರು ಓಡಿಸಿದ. ಗೂಡಿನ ತಿರುವು ಬಂದೊಡನೆ ಆಮೆಯ ಹಾಗೆ ನಿಧಾನವಾದ.

“ಬಾರ್ಬಾ, ಇದು ಆಟ! ಯಾಕಿಷ್ಟು ಹೆದರಿಕೆ?” ಸ್ತಮಾತಿಸ್ ನಕ್ಕ.

“ಚೆನ್ನಾಗಿ ಮಾಡಿದ್ದೀಯ ಮಗಾ,” ಎಂದ ಮುದುಕ ಯಾಸೊನಾಸನಿಗೆ. “ಆಲಿವ್ ಕಾಯಿ ಎಲ್ಲಿ?”

“ಕಾಯಾ?”

“ಹೂಂ. ನಂಗೆ ಬಸ್ಸು ಜಾರೋದು ಮೊದಲು ಗೊತ್ತಾಗೋದು ಕುಂಡಿಗೆ, ಆಮೇಲೆ ಕೈಗೆ. ನಿನ್ನ ಸೀಟು ಕದಲೋದೇ ಇಲ್ಲವಲ್ಲೋ. ಕೈಗೆ ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ.”

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. “ಕಾಯಿ ನಾಳೆ ಹಾಕ್ತೀನಿ ಬಾರ್ಬಾ,” ಎಂದ ಯಾಸೊನಾಸ್. ಆ ನಾಳೆ ಬರಲೇ ಇಲ್ಲ. ನವೆಂಬರ್ ಬಂತು.

ಉರಾನಿಯಾ ಊರಿನ ವಾದ್ಯ ಮೇಳದಲ್ಲಿ ಹದಿನೇಳು ವರ್ಷದಿಂದ ಕ್ಲಾರಿನೆಟ್ ನುಡಿಸುತ್ತಿದ್ದಳು. ಅವಳು ನುಡಿಸುತ್ತ ನಡೆದರೆ ಬೀದಿಯ ಕಿಟಕಿಗಳು ತಾವಾಗಿ ತೆರೆಯುತ್ತಿದ್ದವು. ಮೊದಲ ಮಳೆ ಬಿದ್ದ ಶನಿವಾರ ಕೆಳಗಿನ ಪಟ್ಟಣದಲ್ಲಿ ಮೇಳದ ಅಭ್ಯಾಸವಿತ್ತು. ಅವಳು ಕ್ಲಾರಿನೆಟ್ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಳು.

“ಮಳೆ ಬಂದಿದೆ. ನಾನು ಬಾರ್ಬಾನ ಬಸ್ಸಿಗೇ ಹೋಗ್ತೀನಿ,” ಎಂದಳು.

“ಬಸ್ಸು ಬರೋಕೆ ಇನ್ನೂ ಮುಕ್ಕಾಲು ಗಂಟೆ ಇದೆ ಅಕ್ಕಾ,” ಎಂದ ಯಾಸೊನಾಸ್. “ಭಾವನ ಜೊತೆ ಹೋಗು. ಅವನಿಗೆ ಈ ರಸ್ತೆ ಕಣ್ಣು ಮುಚ್ಚಿದ್ರೂ ಬರತ್ತೆ.”

ಈ ಮಾತನ್ನು ಅವನು ಆಮೇಲೆ ಎಷ್ಟು ಸಲ ನೆನೆದನೋ ಲೆಕ್ಕವಿಲ್ಲ. ಆಡಿದ ಮಾತು, ಒಡೆದ ಮುತ್ತು.

ಹದಿನಾಲ್ಕನೇ ತಿರುವಿನಲ್ಲಿ ಸ್ತಮಾತಿಸ್ ಆಟದಲ್ಲಿ ಬ್ರೇಕ್ ಹಾಕುತ್ತಿದ್ದ ಜಾಗದಲ್ಲೇ ಬ್ರೇಕ್ ಹಾಕಿದ. ಸ್ಟೇರಿಂಗು ಹಗುರವಾಗುವುದನ್ನು ಅವನ ಕೈ ಕಾಯುತ್ತಿತ್ತು. ಅದು ಹಗುರವಾಗುವಷ್ಟರಲ್ಲಿ ಕಾರು ಅಡ್ಡಲಾಗಿ ಜಾರಿ ಗೋಡೆಗೆ ಗುದ್ದಿತ್ತು. ಇಬ್ಬರೂ ಬೆಲ್ಟ್ ಹಾಕಿದ್ದರು, ಜೀವ ಉಳಿಯಿತು. ಆದರೆ ಉರಾನಿಯಾಳ ಒಂದು ಕೈ ಪೆಟ್ಟಿಗೆಗೂ ಒಳಕ್ಕೆ ನುಗ್ಗಿದ ಬಾಗಿಲಿಗೂ ನಡುವೆ ಸಿಕ್ಕಿಕೊಂಡಿತು. ಕ್ಲಾರಿನೆಟ್ಟಿಗೆ ಒಂದು ಗೀರೂ ಬೀಳಲಿಲ್ಲ. ಅವಳ ಎರಡು ಬೆರಳು ಮತ್ತೆ ಮಡಚಲಾಗಲೇ ಇಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಸ್ತಮಾತಿಸ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. “ನಾನೂರು ಸಲ ಇಳಿದಿದ್ದೀನಿ ಕಣೋ. ಒಂದು ಸಲಾನೂ ಹೀಗೆ ಜಾರಿಲ್ಲ.”

“ಜಾರೋ ಹಾಗೆ ನಾನು ಮಾಡೇ ಇರಲಿಲ್ಲ ಭಾವ,” ಎಂದ ಯಾಸೊನಾಸ್. “ಬಾರ್ಬಾ ಕೇಳಿದ್ರು. ನಾವು ನಕ್ವಿ.”

ಬಾರ್ಬಾ ಫೋಟಿಸ್ ಬಂದಾಗ ‘ನಾನು ಹೇಳಿರಲಿಲ್ವಾ’ ಎನ್ನಲಿಲ್ಲ. ಅದೇ ಯಾಸೊನಾಸನನ್ನು ಹೆಚ್ಚು ನೋಯಿಸಿತು. ಮರುವಾರದಿಂದ ಸ್ತಮಾತಿಸ್ ಮುದುಕನ ಹಿಂದಿನ ಸೀಟಿನಲ್ಲಿ ಕೂತು ಬಸ್ಸಿನಲ್ಲೇ ಇಳಿಯತೊಡಗಿದ. “ಈಗ ಗೊತ್ತಾಯ್ತಾ?” ಎನ್ನುತ್ತಿದ್ದ ಫೋಟಿಸ್. “ಗೊತ್ತಾಯ್ತು ಬಾರ್ಬಾ. ಕೂತಲ್ಲಿಗೆ ಗೊತ್ತಾಯ್ತು.” ಈ ಸಲ ಯಾರೂ ನಗಲಿಲ್ಲ.

ಯಾಸೊನಾಸ್ ಆಟದಲ್ಲಿ ಕಾಯಿ ಹಾಕಲು ಕೂತ. ರಸ್ತೆಯನ್ನು ಜಾರುವಂತೆ ಮಾಡಿದ, ಸ್ಟೇರಿಂಗನ್ನು ಇನ್ನೂ ಹಗುರ ಮಾಡಿದ. ಸೀಟನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಕೊನೆಗೆ ಕೈಬಿಟ್ಟು ಬೇರೊಂದು ಮಾಡಿದ. ಈಗ ಆ ರಸ್ತೆಯಲ್ಲಿ ಯಾರೇ ಆಡಲಿ, ದೇವರಗೂಡಿನ ತಿರುವಿಗೆ ಬಂದರೆ ಆಟ ನಿಂತುಬಿಡುತ್ತದೆ. ಪರದೆಯ ಮೇಲೆ ಒಂದು ಸಾಲು ಬರುತ್ತದೆ: ‘ಇಲ್ಲಿಂದ ಮುಂದಿನದು ಈ ಆಟಕ್ಕೆ ಗೊತ್ತಿಲ್ಲ. ದಿನಾ ಇಳಿಯುವವರನ್ನು ಕೇಳಿ.’

ಉರಾನಿಯಾ ಮೇಳ ಬಿಡಲಿಲ್ಲ. ಈಸ್ಟರ್ ಮೆರವಣಿಗೆಯಲ್ಲಿ ದೊಡ್ಡ ಡೋಲು ಹೊಡೆಯುತ್ತ ನಡೆದಳು. ರಾಗ ನುಡಿಸುತ್ತಿದ್ದವಳು ಈಗ ತಾಳ ಹಾಕುತ್ತಾಳೆ. ಯಾಸೊನಾಸ್ ಕಿಟಕಿ ತೆರೆದು ನಿಂತಿದ್ದ. ಅವಳು ತಲೆಯೆತ್ತಿ ನೋಡಿ ನಕ್ಕಳು. ಅವನಿಗೆ ನಗಲಾಗಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಆಟ ಆಡಿ. ಯಾವುದು ನಿಜಕ್ಕೆ ಹತ್ತಿರ ಎಂದು ಜಗಳವನ್ನೂ ಆಡಿ, ಅದರ ಸುಖವೇ ಬೇರೆ. ಆದರೆ ಆಟದಲ್ಲಿ ಕಲಿತ ಧೈರ್ಯವನ್ನು ಕಾರಿನ ಕೀಲಿಯ ಜೊತೆ ಒಯ್ಯಬೇಡಿ. ಮೊದಲ ಮಳೆಯ ದಿನ ವೇಗವನ್ನು ಅರ್ಧಕ್ಕಿಳಿಸಿ, ಬೆಲ್ಟ್ ಹಾಕಿ, ಮುಂದಿನ ಗಾಡಿಯಿಂದ ದೂರವಿರಿ. ನಿಮ್ಮ ರಸ್ತೆಯ ಮೇಲೆ ಬಿದ್ದಿರುವುದು ನೇರಳೆ ಹಣ್ಣೋ, ಒಕ್ಕಣೆಗೆ ಹರಡಿದ ಹುರುಳಿಯೋ, ಇಳಿದು ನೋಡಿ. ಆ ದಾರಿಯಲ್ಲಿ ಬಸ್ಸು ಓಡಿಸುವ ಮುದುಕ ಏನಾದರೂ ಕೇಳಿದರೆ ನಗಬೇಡಿ. ನಮ್ಮೂರಲ್ಲಿ ಇಬ್ಬರು ನಕ್ಕರು, ಅದಕ್ಕೆ ಒಂದು ಕ್ಲಾರಿನೆಟ್ ಇವತ್ತಿಗೂ ಪೆಟ್ಟಿಗೆಯೊಳಗೇ ಇದೆ.